ಬೇಳೆ ಬೇಯದ ನೀರು: ಡಿಗ್ರಿ ಮಕ್ಕಳ ಜೊತೆ ಮಾಡಿದ ಒಂದು ಪ್ರಾಜೆಕ್ಟ್

ನಾನು ಬೀದರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಬಂತೆಂದರೆ ಬಿ.ಎಸ್ಸಿ. ಮಕ್ಕಳು ‘ನೀರಿನ ಗುಣಮಟ್ಟ’ ಎಂದು ಬರೆದುಕೊಂಡು ಬರುತ್ತಾರೆ. ಬಿ.ಎ. ಮಕ್ಕಳು ‘ಬೀದರ್ ಕೋಟೆ: ಒಂದು ಅಧ್ಯಯನ’ ಎನ್ನುತ್ತಾರೆ. ಎರಡರಲ್ಲೂ ಪ್ರಶ್ನೆಯೇ ಇರುವುದಿಲ್ಲ. ಪ್ರಶ್ನೆ ಇಲ್ಲದ ಪ್ರಾಜೆಕ್ಟ್ ಕೊನೆಗೆ ಝೆರಾಕ್ಸ್ ಅಂಗಡಿಯಲ್ಲೇ ಮುಗಿಯುತ್ತದೆ. ಅದಕ್ಕೇ ನಾನು ವಿಷಯ ಕೇಳುವುದನ್ನು ಬಿಟ್ಟೆ. ‘ನಿಮ್ಮ ಮನೆಯಲ್ಲಿ ಎಲ್ಲರೂ ನಂಬುವ, ಆದರೆ ಯಾರೂ ಪರೀಕ್ಷೆ ಮಾಡಿ ನೋಡದ ಒಂದು ಮಾತು ಹೇಳಿ’ ಅನ್ನುತ್ತೇನೆ.

ಒಂದು ವರ್ಷ ಒಬ್ಬ ಹುಡುಗಿ ಎದ್ದು, ‘ಮೇಡಂ, ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತಾಳ್ರಿ ನಮ್ಮವ್ವ. ಬ್ಯಾಳಿಗಷ್ಟೇ ಬಾವಿ ನೀರು ತರ್ತಾಳ’ ಅಂದಳು. ತೊಗರಿ ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ?

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿ ಹಿಡಿದುಬಿಡುತ್ತವೆ, ಬೇಳೆ ಒಡೆಯುವುದು ತಡವಾಗುತ್ತದೆ. ಇಷ್ಟು ಪುಸ್ತಕದಲ್ಲಿದೆ. ಆದರೆ ಆ ಹುಡುಗಿಯ ಊರಿನ ಯಾವ ಬಾವಿ ಎಷ್ಟು ಗಡಸು, ಯಾವ ಓಣಿಯವರು ಯಾವ ನೀರನ್ನು ಯಾತಕ್ಕೆ ಬಳಸುತ್ತಾರೆ ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಮೊದಲರ್ಧ ನನಗೆ ಗೊತ್ತು. ಎರಡನೆಯದಕ್ಕೆ ಇತಿಹಾಸದ ಸಹೋದ್ಯೋಗಿಯನ್ನು ಕರೆದೆ. ಅವರು ತಮ್ಮ ಬಿ.ಎ. ಮಕ್ಕಳನ್ನು ಕರೆತಂದರು. ಷರತ್ತು ಒಂದೇ: ಬಿ.ಎ. ಮಕ್ಕಳೂ ಲ್ಯಾಬಿಗೆ ಬಂದು ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ಹಿಡಿಯಬೇಕು, ಬಿ.ಎಸ್ಸಿ. ಮಕ್ಕಳೂ ಮನೆಮನೆಗೆ ಹೋಗಿ ಮಾತಾಡಿಸಬೇಕು.

ಬಾವಿಗಳನ್ನು ಸುಮ್ನೆ ಆರಿಸಲಿಲ್ಲ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಣ್ಣೆಯ ಮೇಲೆ. ಅದರ ಕೆಳಗೆ ಕರಿಕಲ್ಲು, ಅಂದರೆ ಬಸಾಲ್ಟ್. ಮಳೆ ನೀರು ಜಂಬಿಟ್ಟಿಗೆಯಿಂದ ಸುಣ್ಣದಂಶವನ್ನು ಎಂದೋ ತೊಳೆದುಬಿಟ್ಟಿದೆ. ಹಾಗಾಗಿ ಅಲ್ಲಿನ ನೀರು ಸಾಮಾನ್ಯವಾಗಿ ಮೆದು. ನೌಬಾದಿನಲ್ಲಿ ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ ಕೊರೆದ ಸುರಂಗ ಬಾವಿಗೂ ಈ ಜಂಬಿಟ್ಟಿಗೆ ಪದರದ ನೀರೇ ಆಧಾರ. ತಗ್ಗಿನ ಎರೆ ಭೂಮಿಯ ಕಡೆ ಬಂದರೆ ನೀರು ಕರಿಕಲ್ಲಿನ ಬಿರುಕುಗಳಲ್ಲಿ ನಿಂತು ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಅದಕ್ಕೆ ದಿಣ್ಣೆಯ ಬಾವಿ, ತಗ್ಗಿನ ಬಾವಿ, ಬೋರು, ಮೂರರಿಂದಲೂ ನೀರು ತಂದೆವು.

ಗಡಸುತನ ಅಳೆಯಲು ದುಬಾರಿ ಯಂತ್ರ ಬೇಡ. 50 ಎಂ.ಎಲ್. ನೀರಿಗೆ ಪಿಎಚ್ ಅನ್ನು 10ರಲ್ಲೇ ಹಿಡಿದಿಡುವ ಬಫರ್ ದ್ರಾವಣ, ಒಂದು ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಪುಡಿ ಹಾಕಿದರೆ ನೀರು ಕೆಂಪಾಗುತ್ತದೆ. ಮೇಲಿನಿಂದ, ಬ್ಯುರೆಟ್ಟಿನಿಂದ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ 0.01 ಮೋಲಾರ್ ದ್ರಾವಣ ಬಿಡುತ್ತಾ ಹೋಗಬೇಕು. ಕೆಂಪು ನೇರಳೆಗೆ ತಿರುಗುತ್ತದೆ, ಆಮೇಲೆ ಒಂದೇ ಹನಿಗೆ ಪೂರ್ತಿ ನೀಲಿ. ಬಿಟ್ಟ ಎಂ.ಎಲ್. ಅನ್ನು 20ರಿಂದ ಗುಣಿಸಿದರೆ ಗಡಸುತನ ಲೀಟರಿಗೆ ಎಷ್ಟು ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಅನ್ನುವುದು ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 200. ಬೇರೆ ನೀರೇ ಇಲ್ಲದ ಕಡೆ 600ರ ತನಕ ನಡೆಯುತ್ತದೆ. ಆ ಕೊನೆಯ ಹನಿಯನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವನು ಇತಿಹಾಸದ ಹುಡುಗ. ಅವನಿಗೆ ಅವಸರವೇ ಇರಲಿಲ್ಲ.

ಆಮೇಲೆ ಬೇಳೆ. ಒಂದೇ ಚೀಲದ ಬೇಳೆ, ಒಂದೇ ತೂಕ, ಒಂದೇ ಉರಿ, ಕುಕ್ಕರ್ ಇಲ್ಲ. ಐದೈದು ನಿಮಿಷಕ್ಕೆ ಹತ್ತು ಬೇಳೆ ತೆಗೆದು ಎರಡು ಗಾಜಿನ ಸ್ಲೈಡ್ ನಡುವೆ ಒತ್ತಬೇಕು. ನಡುವೆ ಬಿಳಿ ಗಟ್ಟಿ ಉಳಿದರೆ ಬೆಂದಿಲ್ಲ. ಬಾವಿ ನೀರುಗಳ ಪಕ್ಕದಲ್ಲಿ ಇನ್ನೆರಡು ಬೀಕರ್ ಇಟ್ಟೆವು: ಒಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್, ಇನ್ನೊಂದರಲ್ಲಿ ಅದಕ್ಕೇ ತೂಕ ಮಾಡಿ ಹಾಕಿದ ಕ್ಯಾಲ್ಸಿಯಂ ಕ್ಲೋರೈಡ್. ಈ ಎರಡು ಇಲ್ಲದಿದ್ದರೆ ತಡ ಮಾಡಿದ್ದು ಕ್ಯಾಲ್ಸಿಯಮ್ಮೇ ಅಂತ ಹೇಳಲು ಬರುವುದಿಲ್ಲ. ಬೋರಿನ ನೀರಿನಲ್ಲಿ ಬೇರೆ ಲವಣಗಳೂ ಇರುತ್ತವಲ್ವಾ. ಕ್ಯಾಲ್ಸಿಯಂ ಹಾಕಿದ ಬೀಕರ್‌ನಲ್ಲಿ ಬೇಳೆ ಬೋರಿನ ನೀರಿನಲ್ಲಿದ್ದ ಹಾಗೇ ಗಟ್ಟಿಯಾಗಿ ಕೂತಿತು. ಆ ತಾಯಿ ಹೇಳಿದ್ದು ಖರೇ.

ಮನೆಗಳಿಗೆ ಹೋಗುವಾಗ ಟಿಕ್ ಹಾಕುವ ಪ್ರಶ್ನಾವಳಿಯನ್ನು ಕಾಲೇಜಿನಲ್ಲೇ ಬಿಟ್ಟು ಹೋದೆವು. ‘ಈ ನೀರು ಒಳ್ಳೆಯದಾ?’ ಅಂದರೆ ‘ಹೂಂ’ ಅಂತ ಮಾತು ಮುಗಿಯುತ್ತದೆ. ‘ನೀವು ಸಣ್ಣವರಿದ್ದಾಗ ನೀರು ಎಲ್ಲಿಂದ ತರ್ತಿದ್ರಿ?’ ಅಂದರೆ ಚಹಾ ಬರುತ್ತದೆ, ಅರ್ಧ ದಿನದ ಮಾತು ಸಿಗುತ್ತದೆ. ನಮ್ಮ ಕಡೆ ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ಮರಾಠಿ, ಎದುರಿಗೆ ದಖನಿ. ಲ್ಯಾಬಿನಲ್ಲಿ ಹಿಂದೆ ನಿಲ್ಲುತ್ತಿದ್ದ ಒಬ್ಬ ಹುಡುಗಿಗೆ ಮೂರೂ ಬರುತ್ತಿತ್ತು. ಹೊರಗೆ ಹೋದಾಗ ತಂಡ ಅವಳ ಹಿಂದೆ ನಡೆಯಿತು.

ಒಂದು ಬಾವಿಯ ಬಗ್ಗೆ ಊರಿನವರು ಬಹಳ ಮಂದಿ ‘ಅದು ಸವಳು, ಬ್ಯಾಳಿಗೆ ಬರಂಗಿಲ್ಲ’ ಅಂದರು. ಅದು ದಲಿತರ ಕೇರಿಯ ಬಾವಿ. ನೀರು ತಂದು ನೋಡಿದರೆ ಮೇಲಿನ ಓಣಿಯ ಬಾವಿಗೂ ಇದಕ್ಕೂ ಗಡಸುತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಟಿಡಿಎಸ್, ಅಂದರೆ ಕರಗಿದ ಒಟ್ಟು ಲವಣಗಳ ಲೆಕ್ಕ, ಕೂಡ ಹತ್ತಿರ ಹತ್ತಿರ. ಬೇಳೆಯೂ ಒಂದೇ ಹೊತ್ತಿಗೆ ಬೆಂದಿತು. ಆ ಕೇರಿಯ ಮುದುಕಿಯೊಬ್ಬರು, ‘ನಾವು ಹುಟ್ಟಿದಾಗಿಂದ ಇದ್ರಾಗೇ ಕುದಿಸೀವಿ. ಸವಳು ಅನ್ನೋರು ಒಮ್ಮಿಯರೆ ಕುಡಿದು ನೋಡ್ಯಾರೇನು?’ ಅಂತ ಕೇಳಿದರು. ಮೇಲಿನ ಬಾವಿಗೆ ತಾವು ಹಗ್ಗ ಬಿಡುವಂತಿರಲಿಲ್ಲ, ಯಾರಾದರೂ ಸೇದಿ ಹಾಕುವ ತನಕ ಕೊಡ ಇಟ್ಟುಕೊಂಡು ದೂರ ಕೂರಬೇಕಿತ್ತು ಅಂತಲೂ ಹೇಳಿದರು.

‘ಇದು ಕೆಮಿಸ್ಟ್ರಿ ಅಲ್ಲ, ರಿಪೋರ್ಟಿನಲ್ಲಿ ಬೇಡ’ ಅಂತ ಬಿ.ಎಸ್ಸಿ. ಮಕ್ಕಳು ಅಂದರು. ನಾನು ಒಪ್ಪಲಿಲ್ಲ. ಟೈಟ್ರೇಶನ್ (ಇಡಿಟಿಎ ಬಿಟ್ಟು ಗಡಸುತನ ಅಳೆದದ್ದು) ಮಾಡದೆ ಹೋಗಿದ್ದರೆ ‘ಸವಳು’ ಅನ್ನುವ ಮಾತನ್ನು ನಾವೂ ನಿಜ ಅಂತ ಬರೆಯುತ್ತಿದ್ದೆವು. ಮನೆಗಳಿಗೆ ಹೋಗದಿದ್ದರೆ ಎರಡು ಅಂಕಿ ಸರಿಸಮ ಇರುವುದರಲ್ಲಿ ಏನು ವಿಶೇಷ ಅಂತ ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಅಂಕಿಯ ಪಟ್ಟಿಯನ್ನೂ ಆ ಮಾತನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಹಾಕಿದೆವು. ಊರಿನ ಹೆಸರು, ಜನರ ಹೆಸರು ಯಾವುದನ್ನೂ ಬರೆಯಲಿಲ್ಲ. ಮಾತು ರೆಕಾರ್ಡ್ ಮಾಡುವ ಮುಂಚೆ ಅನುಮತಿ ಕೇಳಿದ್ದೆವು, ಬೇಡ ಅಂದವರದ್ದನ್ನು ಬಿಟ್ಟೆವು.

ಅಂಕ ಹಂಚುವುದು ಮಾತ್ರ ಇಂದಿಗೂ ತಾಪತ್ರಯ. ಎರಡು ವಿಭಾಗ, ಎರಡು ನಮೂನೆಯ ರಿಪೋರ್ಟ್. ಒಂದೇ ಕೆಲಸವನ್ನು ಎರಡು ಸಲ ಬರೆಸಬೇಕಾಗುತ್ತದೆ.

ಈ ಸಲ ಒಬ್ಬ ಹುಡುಗ ಬಿದರಿ ಕೆಲಸದ ಮನೆಯಿಂದ ಬಂದಿದ್ದಾನೆ. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ಕೋಟೆಯ ಮಣ್ಣು ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ‘ಕೋಟೆ ಮಣ್ಣೇ ಯಾಕ್ರಿ, ಹೊಲದ ಮಣ್ಣು ಯಾಕ ಬ್ಯಾಡ?’ ಅನ್ನುವುದು ಅವನ ಪ್ರಶ್ನೆ. ಕೋಟೆ, ಹೊಲ, ಹಳೆ ಮನೆಯ ಗೋಡೆ, ಮೂರು ಕಡೆಯ ಮಣ್ಣು ತಂದು, ವ್ಯತ್ಯಾಸ ಅದರಲ್ಲಿರುವ ನೈಟ್ರೇಟ್ ಲವಣದಿಂದ ಬರುತ್ತದೋ ಅಂತ ಅದನ್ನು ಅಳೆದು ನೋಡುತ್ತೇವೆ. ಹಿರಿಯ ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಹಚ್ಚಿ ಆರಿಸುತ್ತಾರೆ. ಅವರು ಯಾವುದನ್ನು ಆರಿಸಿದರು, ಯಾಕೆ ಅನ್ನುವುದನ್ನು ಬಿ.ಎ. ಮಕ್ಕಳು ಬರೆದುಕೊಳ್ಳುತ್ತಾರೆ. ಹೋಲಿಸಬೇಕಾದರೆ ಎಲ್ಲ ತುಂಡುಗಳೂ ಒಂದೇ ಎರಕದವು ಆಗಿರಬೇಕು. ಹುಡುಗನ ತಂದೆ ಒಂದೇ ಸಲಕ್ಕೆ ಸಣ್ಣ ಬಿಲ್ಲೆಗಳನ್ನು ಹೊಯ್ದು ಕೊಡುತ್ತೇನೆ ಅಂದಿದ್ದಾರೆ.