ಪ್ರೆಶರ್ ವಾಷರ್‌ಗೆ ಮೊದಲು ಹೊಟ್ಟೆ ತುಂಬ ನೀರು ಕೊಡಿ

ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಂಗಳ ತೊಳೆಯುವ ಗಡಿಬಿಡಿ ಶುರುವಾಗುತ್ತದೆ. ನಾಲ್ಕು ತಿಂಗಳ ಮಳೆಗೆ ಅಂಗಳವೆಲ್ಲ ಪಾಚಿ. ಕಾಲಿಟ್ಟರೆ ಜಾರುತ್ತದೆ. ಮಾಡಿನ ಹಂಚು ಕಪ್ಪಾಗಿರುತ್ತದೆ. ಅಡಿಕೆ ಒಣಗಲು ಹರಡುವ ಮೊದಲು ಅಂಗಳ ಚೊಕ್ಕ ಆಗಬೇಕು. ಹಿಂದೆ ಇದಕ್ಕೆ ಪೊರಕೆ, ಬ್ಲೀಚಿಂಗ್ ಪುಡಿ, ನಾಲ್ಕು ಆಳು ಬೇಕಿತ್ತು. ಈಗ ನೀರನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್ ಬಂದಿದೆ. ಊರಿನ ಹುಡುಗರು ಮೆಷಿನ್ ಖರೀದಿಸಿ, ಪಿಕಪ್‌ಗೆ ಹಾಕಿಕೊಂಡು ಮನೆಮನೆಗೆ ಹೋಗಿ ದುಡಿಯುತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ.

ಬೇಸರ ಆಗುವುದು ಎರಡನೇ ವರ್ಷ. ಅದೇ ಮೆಷಿನ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತದೆ. ಪುತ್ತೂರು ಕಡೆ ಈ ಕೆಲಸ ಮಾಡುವ ನನ್ನ ಹತ್ತಿರ ಅಂಥ ಮೆಷಿನ್‌ಗಳನ್ನು ರಿಪೇರಿಗೂ ತರುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚಿನವುಗಳ ಕಥೆ ಒಂದೇ. ಪಂಪ್‌ಗೆ ನೀರು ಸಾಲದೆ ಒಳಗಿನ ಸೀಲು, ವಾಲ್ವ್ ಹೋಗಿರುತ್ತವೆ. ಸಾಲ ಮಾಡಿ ತಂದ ಮೆಷಿನ್ ಹೀಗೆ ಸಾಯಬಾರದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೆಷಿನ್ ಆರಿಸುವಾಗ

ಎರಡು ಅಂಕಿ ನೋಡಿ. ಒಂದು ಬಾರ್, ಅಂದರೆ ಒತ್ತಡ. ಇನ್ನೊಂದು ನಿಮಿಷಕ್ಕೆ ಎಷ್ಟು ಲೀಟರ್ ನೀರು ಬಿಡುತ್ತದೆ ಎಂಬುದು. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಬಾರ್ ಮಾತ್ರ. ಪಾಚಿಯನ್ನು ಬಿಡಿಸುವುದು ಬಾರ್ ನಿಜ. ಬಿಟ್ಟ ಪಾಚಿಯನ್ನು ತಳ್ಳಿಕೊಂಡು ಹೋಗಬೇಕಾದ್ದು ಲೀಟರ್. ಮನೆಬಳಕೆಯ ಸಣ್ಣ ಮೆಷಿನ್ 100ರಿಂದ 130 ಬಾರ್ ಇರುತ್ತದೆ, ನಿಮಿಷಕ್ಕೆ 5-6 ಲೀಟರ್ ಬಿಡುತ್ತದೆ. ಕಾರು, ಬೈಕಿಗೆ ಅದು ಸಾಕು. ಸಂಪಾದನೆಗೆ ಇಳಿಯುವವರು 150 ಬಾರ್, 10 ಲೀಟರ್‌ಗಿಂತ ಕಡಿಮೆಯದ್ದನ್ನು ತರಬೇಡಿ.

ಪೆಟ್ಟಿಗೆಯ ಮೇಲೆ ಬರೆದದ್ದನ್ನೆಲ್ಲ ನಂಬಲೂಬೇಡಿ. ಸುಲಭದ ಲೆಕ್ಕ ಒಂದಿದೆ. ಬಾರ್ ಮತ್ತು ಲೀಟರ್ ಗುಣಿಸಿ, 600ರಿಂದ ಭಾಗಿಸಿ. ಬಂದದ್ದು ಆ ನೀರನ್ನು ತಳ್ಳಲು ಬೇಕಾದ ಕಿಲೋವಾಟ್. 150 ಬಾರ್, 10 ಲೀಟರ್‌ಗೆ 2.5 ಕಿಲೋವಾಟ್ ಬೇಕು. ಮೋಟರ್ ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಬೇಕು. 1.8 ಕಿಲೋವಾಟ್ ಮೋಟರ್ ಇಟ್ಟು 250 ಬಾರ್, 8 ಲೀಟರ್ ಎಂದು ಬರೆದಿದ್ದರೆ ಅದು ಸುಳ್ಳು. ಲೆಕ್ಕದ ಪ್ರಕಾರ ಅದಕ್ಕೆ 3.3 ಕಿಲೋವಾಟ್ ಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಹೆಸರೇ ಕೇಳದ ಮೆಷಿನ್‌ಗಳಲ್ಲಿ ಇಂಥ ಬರಹ ಜಾಸ್ತಿ.

ಮೋಟರ್ ಇಂಡಕ್ಷನ್, ಅಂದರೆ ಬ್ರಷ್ ಇಲ್ಲದ್ದು, ಇರಲಿ. ಕಾರ್ಬನ್ ಬ್ರಷ್‌ನ ಮೋಟರ್ ಹಗುರ, ಅಗ್ಗ. ಆದರೆ ದಿನವಿಡೀ ಓಡಿಸುವ ಕೆಲಸಕ್ಕೆ ಅದು ಆಗುವುದಿಲ್ಲ. ಪಂಪ್‌ನ ತಲೆ ಹಿತ್ತಾಳೆಯದ್ದಿರಲಿ. ದುಡ್ಡು ಕೊಡುವ ಮೊದಲು ಅಂಗಡಿಯವರಲ್ಲಿ ಸೀಲ್ ಕಿಟ್, ಅಂದರೆ ಬದಲಿ ಸೀಲುಗಳ ಪೊಟ್ಟಣ, ತೋರಿಸಲು ಹೇಳಿ. ಕಿಟ್ ಇಲ್ಲ ಎಂದರೆ ಆ ಮೆಷಿನ್ ಬೇಡ. ನನ್ನ ಆಯ್ಕೆ ಪೆಟ್ರೋಲ್ ಎಂಜಿನ್‌ನದ್ದು. ಹಳ್ಳಿಮನೆಗಳಲ್ಲಿ ವೋಲ್ಟೇಜ್ ಯಾವಾಗ ಬೀಳುತ್ತದೋ ಹೇಳಲಾಗದು, ತೋಟದ ತ್ರೀ ಫೇಸ್ ಕರೆಂಟ್ ಇರುವುದೂ ಕೆಲವೇ ಗಂಟೆ. ಕರೆಂಟಿನ ಮೆಷಿನ್ ಆದರೆ ಮೂರು ಎಳೆಯ 2.5 ಚದರ ಮಿಲಿಮೀಟರ್ ವಯರು, ಅರ್ತಿಂಗ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ವಯರನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ವಯರು ಬಿಸಿಯಾಗಿ ಕರಗುತ್ತದೆ.

ಅಡಿಕೆಗೆ ಮದ್ದು ಬಿಡುವ ಪಂಪ್ ಇದೆಯಲ್ಲ, ಅದರಲ್ಲೇ ತೊಳೆಯಬಹುದಾ ಎಂದು ತುಂಬ ಜನ ಕೇಳುತ್ತಾರೆ. ಅದರ ಒತ್ತಡ ಸಾಮಾನ್ಯವಾಗಿ 40 ಬಾರ್ ಒಳಗೆ. ಮಣ್ಣು, ಕೆಸರು ಹೋಗುತ್ತದೆ. ಕಚ್ಚಿಕೊಂಡ ಪಾಚಿ ಹೋಗುವುದಿಲ್ಲ.

ನೀರು ಕೊಡುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಪಂಪ್ ನಿಮಿಷಕ್ಕೆ 10 ಲೀಟರ್ ಬಿಡುತ್ತದೆ ಅಂದರೆ ಅದಕ್ಕೆ 10 ಲೀಟರ್ ಬಂದೇ ಬರಬೇಕು. ಬರದಿದ್ದರೆ ಅದು ಸುಮ್ನೆ ಕೂರುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಒಳಗೆ ನೀರಿನ ಬದಲು ಖಾಲಿ ಗುಳ್ಳೆಗಳಾಗುತ್ತವೆ. ಒತ್ತಡ ಏರಿದಾಗ ಆ ಗುಳ್ಳೆಗಳು ಒಡೆದು ವಾಲ್ವ್, ಸೀಲುಗಳನ್ನು ಸಣ್ಣ ಸುತ್ತಿಗೆಯಲ್ಲಿ ಹೊಡೆದ ಹಾಗೆ ಹೊಡೆಯುತ್ತವೆ. ಹೊರಗೆ ಕೇಳುವುದು ಡಬ್ಬದಲ್ಲಿ ಜಲ್ಲಿ ಹಾಕಿ ಕುಲುಕಿದಂಥ ಶಬ್ದ. ನೀರು ಚಿಮ್ಮಿಸುವ ಗನ್ ಕೈಯಲ್ಲಿ ತಟತಟ ಎನ್ನುತ್ತದೆ. ಈ ಶಬ್ದ ಕೇಳಿದ ಕೂಡಲೇ ಮೆಷಿನ್ ಬಂದ್ ಮಾಡಿ. ಇನ್ನೊಂದು ಚೂರು ಮುಗಿಸಿ ಬಿಡುತ್ತೇನೆ ಎನ್ನಬೇಡಿ.

ಕಳೆದ ಸಲ ಒಬ್ಬ ಹುಡುಗ ಫೋನ್ ಮಾಡಿದ. "ಅಣ್ಣಾ, ಹೊಸ ಮೆಷಿನ್. ಪ್ರೆಶರೇ ಇಲ್ಲ, ಒದರ್ತಾ ಉಂಟು. ಕಂಪನಿಯವರು ಹಾಳು ಮೆಷಿನ್ ಕೊಟ್ಟಿದ್ದಾರೆ ಕಾಣ್ತದೆ." ಹೋಗಿ ನೋಡಿದೆ. ಗಿಡಕ್ಕೆ ನೀರು ಬಿಡುವ ಮೆತ್ತಗಿನ ಹಸಿರು ಪೈಪನ್ನು ಬ್ಯಾರೆಲ್‌ಗೆ ಇಳಿಸಿದ್ದ. ಪಂಪ್ ಎಳೆಯುವ ಜೋರಿಗೆ ಪೈಪು ಬಾಳೆಸಿಪ್ಪೆಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಬೆರಳಲ್ಲಿ ಒತ್ತಿ ಉಬ್ಬಿಸಿದರೆ ಮತ್ತೆ ಚಪ್ಪಟೆ. ಒಳಬಾಯಿಯ ಜಾಲರಿ ತೆಗೆದರೆ ಅದರಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಜಾಲರಿ ತೊಳೆದು, ಗಟ್ಟಿ ಪೈಪ್ ಹಾಕಿದ ಮೇಲೆ ಮೆಷಿನ್ ಸರಿಯಾಗಿ ಓಡಿತು. ಪುಣ್ಯಕ್ಕೆ ಅದು ಮೊದಲ ದಿನ. ಒಂದು ವಾರ ಹಾಗೇ ಓಡಿಸಿದ್ದರೆ ಪಂಪ್ ಉಳಿಯುತ್ತಿರಲಿಲ್ಲ.

ಹಾಗಾಗಿ ಮನೆಗೆ ಹೋದ ಕೂಡಲೇ ಮೆಷಿನ್ ಇಳಿಸಬೇಡಿ. ಮೊದಲು ಒಂದು ಬಕೆಟ್ ಕೇಳಿ. 15 ಲೀಟರಿನ ಬಕೆಟ್ ನಲ್ಲಿಯ ಕೆಳಗಿಟ್ಟು ಮೊಬೈಲಿನಲ್ಲಿ ಸಮಯ ನೋಡಿ. ಒಂದು ನಿಮಿಷದೊಳಗೆ ತುಂಬಿದರೆ 10 ಲೀಟರಿನ ಮೆಷಿನ್‌ಗೆ ನೇರ ಕೊಡಬಹುದು. ಮೆಷಿನ್ ಕೇಳುವುದರ ಒಂದೂವರೆ ಪಟ್ಟು ಬರಬೇಕು ಎಂಬುದು ನನ್ನ ಪದ್ಧತಿ. ಅರ್ಧ ಇಂಚಿನ ನಲ್ಲಿಯಲ್ಲಿ, ಅದೂ ಟ್ಯಾಂಕ್ ಸ್ವಲ್ಪವೇ ಎತ್ತರದಲ್ಲಿದ್ದರೆ, ಹೆಚ್ಚಾಗಿ ಇಷ್ಟು ಬರುವುದಿಲ್ಲ.

ಬರದಿದ್ದರೆ 200 ಲೀಟರಿನ ಬ್ಯಾರೆಲ್ ಇಡಿ. ನಲ್ಲಿಯ ನೀರು ಬ್ಯಾರೆಲ್‌ಗೆ ಬೀಳಲಿ, ಬ್ಯಾರೆಲ್‌ನಿಂದ ಪಂಪ್‌ಗೆ ಹೋಗಲಿ. ನಲ್ಲಿ 6 ಲೀಟರ್ ಕೊಡುತ್ತದೆ, ಪಂಪ್ 10 ಲೀಟರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 4 ಲೀಟರ್ ಕಡಿಮೆಯಾಗುತ್ತದೆ. ತುಂಬಿದ ಬ್ಯಾರೆಲ್ 50 ನಿಮಿಷಕ್ಕೆ ತಳ ಮುಟ್ಟುತ್ತದೆ. ಅಂದರೆ 40 ನಿಮಿಷ ಕೆಲಸ ಮಾಡಿ, ಚಹಾ ಕುಡಿದು ಬನ್ನಿ. ಬ್ಯಾರೆಲ್ ತುಂಬಲಿ.

ಬ್ಯಾರೆಲ್ ಪಂಪ್‌ಗಿಂತ ಎತ್ತರದಲ್ಲಿರಲಿ. ಮೆಟ್ಟಿಲ ಮೇಲೆ, ಜಗಲಿಯ ಮೇಲೆ, ಎರಡು ಕಲ್ಲು ಜೋಡಿಸಿಯಾದರೂ ಸರಿ. ಪೈಪ್ ಮುಕ್ಕಾಲು ಅಥವಾ ಒಂದು ಇಂಚಿನದ್ದು, ಒಳಗೆ ಸ್ಪ್ರಿಂಗ್ ಇರುವ ಸಕ್ಷನ್ ಪೈಪೇ ಆಗಬೇಕು. ಉದ್ದ ಕಡಿಮೆ ಇದ್ದಷ್ಟು ಒಳ್ಳೆಯದು. ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿ ಕ್ಲಿಪ್ ಬಿಗಿಯಿರಿ. ಎಳೆಯುವ ಪೈಪಿನಲ್ಲಿ ತೂತಿದ್ದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಅನುಮಾನ ಬಂದರೆ ಜೋಡಣೆಯ ಮೇಲೆ ಮಗ್ಗಿನಲ್ಲಿ ನೀರು ಸುರಿಯುತ್ತಾ ಬನ್ನಿ. ಸುರಿದ ಹೊತ್ತಿಗೆ ಪಂಪ್‌ನ ಶಬ್ದ ಸರಿಯಾದರೆ ಗಾಳಿ ಹೋಗುತ್ತಿರುವುದು ಅಲ್ಲೇ.

ಪೈಪಿನ ತುದಿಯ ಜಾಲರಿ ಬ್ಯಾರೆಲ್‌ನ ತಳ ಮುಟ್ಟದಿರಲಿ, ನಾಲ್ಕು ಬೆರಳು ಮೇಲೆ ನಿಲ್ಲಲಿ. ಕೆರೆ, ತೋಡಿನ ನೀರಾದರೆ ಜಾಲರಿಗೆ ಹಳೆಯ ಬಿಳಿ ಪಂಚೆಯ ತುಂಡು ಸುತ್ತಿ, ಗಂಟೆಗೊಮ್ಮೆ ಜಾಲಿಸಿ. ಇನ್ನೊಂದು ಮುಖ್ಯ ಮಾತು. ಅಡಿಕೆಗೆ ಬಿಡುವ ಮೈಲುತುತ್ತ-ಸುಣ್ಣದ ಮದ್ದು, ಅಂದರೆ ಬೋರ್ಡೋ ದ್ರಾವಣ, ಕಲಸಿದ ಬ್ಯಾರೆಲ್ ಬೇಡವೇ ಬೇಡ. ಎಷ್ಟು ತೊಳೆದರೂ ಸುಣ್ಣದ ಹರಳು ಬದಿಯಲ್ಲಿ ಉಳಿದಿರುತ್ತದೆ. ಪಂಪ್‌ನ ಸೀಲಿಗೆ ಅದು ಮರಳುಕಾಗದ ಇದ್ದ ಹಾಗೆ.

ಶುರು ಮಾಡುವಾಗ, ನಿಲ್ಲಿಸುವಾಗ

ಮೋಟರ್ ಹಾಕುವ ಮೊದಲು ನೀರು ಬಿಟ್ಟು, ಗನ್ನಿನ ಟ್ರಿಗರ್ ಒತ್ತಿ ಹಿಡಿಯಿರಿ. ಮೊದಲು ಪುಸಪುಸ ಗಾಳಿ ಬರುತ್ತದೆ. ನೀರು ಒಂದೇ ಸಮನೆ ಹರಿಯತೊಡಗಿದ ಮೇಲೆ ಸ್ವಿಚ್ ಹಾಕಿ. ಪೆಟ್ರೋಲ್ ಎಂಜಿನ್‌ನಲ್ಲೂ ಟ್ರಿಗರ್ ಒತ್ತಿ ಒತ್ತಡ ಬಿಟ್ಟು ಹಗ್ಗ ಎಳೆಯಿರಿ, ಸಲೀಸಾಗುತ್ತದೆ.

ಟ್ರಿಗರ್ ಬಿಟ್ಟರೂ ಮೋಟರ್ ತಿರುಗುತ್ತಿರುವ ಮೆಷಿನ್‌ಗಳಲ್ಲಿ ಇನ್ನೊಂದು ಅಪಾಯವಿದೆ. ನೀರು ಹೊರಗೆ ಹೋಗದೆ ಪಂಪ್‌ನ ಒಳಗೇ ಸುತ್ತುತ್ತದೆ. ಕೆಲವೇ ನಿಮಿಷಕ್ಕೆ ಕೈಗೆ ತಾಗಿಸಲಾಗದಷ್ಟು ಬಿಸಿಯಾಗಿ ಸೀಲು ಸುಡುತ್ತದೆ. ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಬಂದ್ ಮಾಡಿ. ಮನೆಯವರು ಕರೆದು ಮಾತಾಡಿಸಿದರೆ, ಫೋನ್ ಬಂದರೆ, ಮೊದಲು ಸ್ವಿಚ್.

ನಿಲ್ಲಿಸುವಾಗ ಮೊದಲು ಮೋಟರ್, ಆಮೇಲೆ ನಲ್ಲಿ. ಕೊನೆಗೆ ಟ್ರಿಗರ್ ಒತ್ತಿ ಉಳಿದ ಒತ್ತಡ ಬಿಡಿ. ಆಮೇಲೆಯೇ ಪೈಪ್ ಬಿಚ್ಚಿ.

ತೊಳೆಯುವುದು

ನಾಝಲ್ ಅಂದರೆ ಗನ್ನಿನ ತುದಿಗೆ ಸಿಕ್ಕಿಸುವ ಮೂತಿ. ಅವುಗಳ ಬಣ್ಣ ಬಾಯಿಪಾಠ ಇರಲಿ. ಡಿಗ್ರಿ ಅಂದರೆ ನೀರು ಹರಡುವ ಕೋನ. ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಕೆಂಪನ್ನು ನಾನು ಪೆಟ್ಟಿಗೆಯಿಂದಲೇ ತೆಗೆದಿಟ್ಟಿದ್ದೇನೆ, ನಮ್ಮ ಕೆಲಸಕ್ಕೆ ಅದು ಬೇಡ. ಈ ಮೆಷಿನ್‌ನ ನೀರು ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಹಾಳಾಗಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ, ಪ್ರೆಶರ್ ವಾಷರ್ ನೀರು ಹೊಕ್ಕಿದೆ ಎಂದೇ ವೈದ್ಯರಿಗೆ ಹೇಳಿ. ಗಂಬೂಟು, ಕನ್ನಡಕ ಇಲ್ಲದೆ ಗನ್ ಹಿಡಿಯಬೇಡಿ. ಹೋಸ್ ಎಲ್ಲಿ ಸೋರುತ್ತಿದೆ ಎಂದು ಕೈಯಲ್ಲಿ ಸವರಿ ನೋಡುವುದಂತೂ ಬೇಡವೇ ಬೇಡ.

ಸಿಮೆಂಟ್ ಅಂಗಳ ಸುಲಭ, ಹಸಿರು ನಾಝಲ್ ಹಿಡಿದು ಇಳಿಜಾರಿನ ಕಡೆಗೆ ತಳ್ಳಿದರಾಯಿತು. ದೊಡ್ಡ ಅಂಗಳವಾದರೆ ಸರ್ಫೇಸ್ ಕ್ಲೀನರ್ ಎಂಬ ಉರುಟು ತಟ್ಟೆ ಹಾಕಿ, ಪಟ್ಟೆಪಟ್ಟೆ ಉಳಿಯುವುದಿಲ್ಲ. ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಅಂಗಳದಲ್ಲಿ ಸಂದಿನ ಮರಳು ಎದ್ದು ಹೋಗುತ್ತದೆ. ಒಣಗಿದ ಮೇಲೆ ಮರಳು ತುಂಬಿಸುವ ಕೆಲಸ ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಸಾರಣೆ ಇಲ್ಲದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಬಿಳಿ ನಾಝಲ್, ಎರಡು ಅಡಿ ದೂರ. ಹತ್ತಿರ ಹಿಡಿದರೆ ಕಲ್ಲಿನ ಮೆತ್ತನೆಯ ಮಣ್ಣೆಲ್ಲ ಹೋಗಿ ಗೋಡೆ ಜೇನುಹುಟ್ಟಿನ ಹಾಗಾಗುತ್ತದೆ.

ಹಂಚಿನ ವಿಷಯ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಮ್ಮ ಕಡೆ ಅಜ್ಜನ ಕಾಲದ ಹಂಚು ಇನ್ನೂ ಮಾಡಿನ ಮೇಲಿರುವ ಮನೆಗಳು ಎಷ್ಟೋ ಇವೆ. ಅಂಥ ಹಂಚಿನ ಬೆಂದ ಮೇಲ್ಪದರವನ್ನು ಹತ್ತಿರದಿಂದ ಹೊಡೆದು ಕೆತ್ತಿ ತೆಗೆದರೆ ಹಂಚು ನೀರು ಕುಡಿಯತೊಡಗುತ್ತದೆ, ಪಾಚಿ ಮೊದಲಿಗಿಂತ ಬೇಗ ಬರುತ್ತದೆ. ಬಿಳಿ ನಾಝಲ್ ಹಾಕಿ, ಒಂದು ಅಡಿಗಿಂತ ಹತ್ತಿರ ಬೇಡ. ಮಾಡಿನ ನೆತ್ತಿಯಿಂದ ಕೆಳಗೆ ಹೊಡೆಯುತ್ತಾ ಬನ್ನಿ. ಕೆಳಗಿನಿಂದ ಮೇಲಕ್ಕೆ ಹೊಡೆದರೆ ನೀರು ಹಂಚಿನ ಅಡಿಗೆ ನುಗ್ಗಿ ಅಟ್ಟಕ್ಕೆ ಬೀಳುತ್ತದೆ. ಅಟ್ಟದಲ್ಲಿ ಅಡಿಕೆ ಮೂಟೆ ಇದ್ದರೆ ಆ ಮನೆಯವರ ಮುಖ ನೋಡುವುದು ಹೇಗೆ? ಕಾಲಿಡುವುದು ಅಡಿಯಲ್ಲಿ ರೀಪು ಇರುವ ಕಡೆ ಮಾತ್ರ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹತ್ತಿ. ಹಂಚು ತೀರಾ ಲಡ್ಡಾಗಿದ್ದರೆ ಕೆಲಸ ಒಪ್ಪಿಕೊಳ್ಳಬೇಡಿ.

ಯಾವುದೇ ಮನೆಯಲ್ಲಿ ಮೊದಲು ಹಿತ್ತಿಲಿನ ಮೂಲೆಯಲ್ಲಿ ಒಂದು ಅಡಿ ತೊಳೆದು, ಯಜಮಾನರಿಗೆ ತೋರಿಸಿ, ಅವರು ಹೂಂ ಎಂದ ಮೇಲೆ ಮುಂದುವರಿಯಿರಿ.

ಆಸಿಡ್ ಸುರಿದು ಬೇಗ ಮುಗಿಸುವವರನ್ನು ನೋಡಿದ್ದೇನೆ. ಅವತ್ತು ಅಂಗಳ ಹೊಳೆಯುತ್ತದೆ, ಆದರೆ ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ಬ್ಲೀಚಿಂಗ್ ಒಂದನ್ನೇ ಬಳಸುವುದಾದರೂ ನೀರು ಬಾವಿಯ ಕಡೆ, ಮಲ್ಲಿಗೆ ಗಿಡದ ಬುಡಕ್ಕೆ ಹರಿಯದ ಹಾಗೆ ನೋಡಿಕೊಳ್ಳಿ.

ರೇಟು

ಫೋನಿನಲ್ಲಿ ರೇಟು ಹೇಳಬೇಡಿ. ಹೋಗಿ ಅಳೆದು, ನೀರು ನೋಡಿ ಹೇಳಿ. ಪೆಟ್ರೋಲ್, ಇಬ್ಬರ ಸಂಬಳ, ಗಾಡಿ ಬಾಡಿಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಮೆಷಿನ್‌ನ ಪಾಲು ಮರೆಯುತ್ತಾರೆ. ಓಡಿದ ಪ್ರತಿ ಗಂಟೆಗೆ ಇಷ್ಟು ಎಂದು ತೆಗೆದು ಬೇರೆ ಡಬ್ಬದಲ್ಲಿ ಹಾಕಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ, ಅದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ.

ಪಂಪ್‌ನ ಆರೈಕೆ, ಮಳೆಗಾಲದ ವಿಶ್ರಾಂತಿ

ಒಂದು ನೋಟ್‌ಬುಕ್ ಇಟ್ಟು ದಿನಕ್ಕೆ ಎಷ್ಟು ಗಂಟೆ ಓಡಿತು ಬರೆಯಿರಿ. ಹಿತ್ತಾಳೆ ತಲೆಯ ಮೂರು ಪ್ಲಂಜರಿನ (ನೀರು ತಳ್ಳುವ ದಂಡದ) ಪಂಪ್ ಆದರೆ ಸಾಮಾನ್ಯವಾಗಿ ಮೊದಲ 50 ಗಂಟೆಗೆ ಆಯಿಲ್ ಬದಲಿಸಬೇಕು, ಆಮೇಲೆ 500 ಗಂಟೆಗೊಮ್ಮೆ. ನಾನು 300ಕ್ಕೇ ಬದಲಿಸುತ್ತೇನೆ. ಗ್ರೇಡ್ ಮೆಷಿನ್‌ನ ಪುಸ್ತಕದಲ್ಲಿ ಹೇಳಿದ್ದೇ ಇರಲಿ. ಬೆಳಿಗ್ಗೆ ಆಯಿಲ್ ಗಾಜು ನೋಡಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ, ಸೀಲು ಹೋಗಿದೆ. ಅವತ್ತೇ ಬಿಚ್ಚಿಸಿ.

ಒತ್ತಡ ಕಡಿಮೆಯಾದ ಹಾಗೆ ಕಂಡರೆ ಅನ್‌ಲೋಡರ್ ಸ್ಕ್ರೂ, ಅಂದರೆ ಒತ್ತಡದ ಮಿತಿ ಹೊಂದಿಸುವ ಸ್ಕ್ರೂ, ಬಿಗಿಯಲು ಓಡಬೇಡಿ. ಹೆಚ್ಚಿನ ಸಲ ಸವೆದದ್ದು ನಾಝಲ್‌ನ ತೂತು. ಹೊಸ ನಾಝಲ್ ಹಾಕಿ ನೋಡಿ. ಸವೆದ ನಾಝಲ್‌ಗಾಗಿ ಬಿಗಿದ ಸ್ಕ್ರೂವನ್ನು ಮರೆತು, ಆಮೇಲೆ ಹೊಸ ನಾಝಲ್ ಹಾಕಿದರೆ ಒತ್ತಡ ಮಿತಿ ಮೀರಿ ಹೋಸ್ ಒಡೆಯಬಹುದು.

ಜೂನ್‌ನಲ್ಲಿ ಮೆಷಿನ್ ಒಳಗಿಡುವ ಮೊದಲು ಸೋಪಿನ ಪೈಪಿಗೂ ಚೊಕ್ಕ ನೀರು ಹರಿಸಿ, ಪಂಪ್‌ನ ನೀರು ಪೂರ್ತಿ ತೆಗೆಯಿರಿ. ಎಂಜಿನ್‌ನ ಪೆಟ್ರೋಲ್ ಖಾಲಿ ಮಾಡಿ. ಹೋಸನ್ನು ದೊಡ್ಡ ಸುತ್ತಾಗಿ ಸುತ್ತಿ, ಇಲಿ ಹೋಗದ ಎತ್ತರದಲ್ಲಿ ತೂಗುಹಾಕಿ. ಗನ್ನಿನ ಬಾಯಿಗೆ, ಪಂಪ್‌ನ ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಅಂದರೆ ಭಾರಿ ಇಷ್ಟ. ಸೆಪ್ಟೆಂಬರ್ ಕೊನೆಗೆ ಹೊರಗೆ ತಂದಾಗ ನಾಝಲ್ ಹಾಕದೆ ಐದು ನಿಮಿಷ ಬರೀ ನೀರು ಬಿಡಿ. ಒಳಗೆ ಸೇರಿದ ಮಣ್ಣು, ತುಕ್ಕು ಏನಿದ್ದರೂ ಹೊರಗೆ ಬರಲಿ. ನೀರು ತಿಳಿಯಾದ ಮೇಲೆ ನಾಝಲ್ ಸಿಕ್ಕಿಸಿ, ಮೊದಲು ನಿಮ್ಮದೇ ಮನೆಯ ಅಂಗಳ ತೊಳೆಯಿರಿ.