ಒಂದೂವರೆ ಗ್ಯಾಲನ್ ಬೋರಿನಲ್ಲಿ ಮೂರು ಮನೆ: ನನ್ನ ಅನುಭವ

ಅರಿಜೋನಾದ ಫೀನಿಕ್ಸ್‌ನಿಂದ ಈಶಾನ್ಯಕ್ಕಿರುವ ರಿಯೋ ವರ್ಡೆ ಫುಟ್‌ಹಿಲ್ಸ್‌ನಲ್ಲಿ ನಾವು ಮೂರು ಮನೆಯವರು ಒಂದೇ ಬೋರ್‌ವೆಲ್‌ ನೆಚ್ಚಿಕೊಂಡಿದ್ದೇವೆ. ಅದು ಕೊಡುವುದು ನಿಮಿಷಕ್ಕೆ ಒಂದೂವರೆ ಗ್ಯಾಲನ್, ಅಂದರೆ ಆರು ಲೀಟರಿಗೂ ಕಡಿಮೆ. ಕೊರೆದವನೇ ಅದನ್ನು ಮುಚ್ಚಿಸಿ ಬೇರೆ ಪಾಯಿಂಟ್ ನೋಡಲು ಹೇಳಿದ್ದ. ಕೋಲಾರದ ಕಡೆ ಬೋರ್‌ ಕೊರೆಸಿ ಕೊರೆಸಿ ಜಮೀನು ಕಳೆದುಕೊಂಡವರನ್ನು ನೋಡಿ ಬೆಳೆದ ನಾನು ಒಪ್ಪಲಿಲ್ಲ.

ಇಲ್ಲಿ ಐದು ನಿವೇಶನಗಳವರೆಗೆ ಭೂಮಿ ಒಡೆದು ಮಾರಿದರೆ ನೂರು ವರ್ಷಕ್ಕಾಗುವಷ್ಟು ನೀರಿದೆಯೆಂದು ತೋರಿಸಬೇಕಾಗಿಲ್ಲ; ಆರಾದರೆ ತೋರಿಸಬೇಕು. ಹಾಗಾಗಿ ಮರುಭೂಮಿಯಲ್ಲಿ ಐದೈದು ಮನೆಗಳಾಗಿ ಊರು ಬೆಳೆಯಿತು. ಬೋರ್‌ ಇಲ್ಲದವರು ಟ್ಯಾಂಕರ್ ತರಿಸುತ್ತಿದ್ದರು. ಕೊಲೊರಾಡೊ ನದಿಯ ಬರದಿಂದಾಗಿ ಸ್ಕಾಟ್ಸ್‌ಡೇಲ್ ನಗರವು 2023ರ ಜನವರಿ 1ರಿಂದ ಆ ಟ್ಯಾಂಕರ್‌ಗಳಿಗೆ ನೀರು ತುಂಬಿಸುವುದನ್ನು ನಿಲ್ಲಿಸಿದಾಗ ಎಲ್ಲರೂ ಬೋರ್ ಲಾರಿಯವರ ಹಿಂದೆ ಬಿದ್ದರು. 1980ರ ಅಂತರ್ಜಲ ಕಾಯ್ದೆಯಂತೆ ಗೃಹಬಳಕೆಯ ಬೋರಿಗೆ ನಿಮಿಷಕ್ಕೆ 35 ಗ್ಯಾಲನ್‌ವರೆಗಿನ ಪಂಪ್ ಕೂರಿಸಬಹುದು. ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ಮುಂಚೆ ತಿಳಿಸಿದರಾಯಿತು. ಕಾಯ್ದೆ 35 ಕೊಟ್ಟರೂ ಬಂಡೆ ಕೊಡಬೇಕಲ್ಲ!

ಮೊದಲ ಬೋರ್ 620 ಅಡಿಗೂ ಒಣಗಿತ್ತು. ಸುಮಾರು 28,000 ಡಾಲರ್ ಮಣ್ಣುಪಾಲಾಯಿತು. ತಾಮ್ರದ ಕಡ್ಡಿ ಹಿಡಿದು ಓಡಾಡಿದವನೊಬ್ಬ ತೋರಿಸಿದ ಜಾಗವದು. ನಮ್ಮೂರಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬರುವವರನ್ನು ನಂಬದ ನಾನು ಇವನನ್ನು ಏಕೆ ನಂಬಿದೆನೋ ತಿಳಿಯದು. ಎರಡನೆಯದನ್ನು 740 ಅಡಿ ಕೊರೆಸಿದೆವು. ನೀರಿನ ಮಟ್ಟ 510 ಅಡಿಯಲ್ಲಿ ನಿಂತಿತು, ಪಂಪನ್ನು 700ಕ್ಕೆ ಇಳಿಸಿದೆವು.

ಬಂಡೆ ನಿಧಾನವಾಗಿ ಒಸರಿಸುವುದಾದರೆ ಎತ್ತುವುದೂ ನಿಧಾನವಾಗಿರಲಿ ಎಂಬುದಷ್ಟೇ ನನ್ನ ಲೆಕ್ಕ. ಐದು ಇಂಚಿನ ಕೇಸಿಂಗ್‌ನಲ್ಲಿ ಅಡಿಗೆ ಸುಮಾರು ಒಂದು ಗ್ಯಾಲನ್ ನಿಲ್ಲುತ್ತದೆ, ಅಂದರೆ ನೀರು ತನ್ನ ಮಟ್ಟಕ್ಕೆ ಏರಿ ನಿಂತಾಗ ಪಂಪಿನ ಮೇಲೆ ಸುಮಾರು 190 ಗ್ಯಾಲನ್ ಇರುತ್ತದೆ. ಆತುರಪಟ್ಟು ಮೊದಲು ಒಂದು ಗಂಟೆ ಓಡಿಸಿದ್ದರಿಂದ ನೀರು ಪಂಪಿನ ಕೆಳಗಿಳಿದು ಮೋಟಾರ್ ಸುಟ್ಟಿತು. ಎತ್ತಿ ಬದಲಿಸಲು ಮೂರು ಸಾವಿರ ಡಾಲರ್ ಹೋಯಿತು. ಆಮೇಲೆ ನೀರಿಲ್ಲದಾಗ ಪಂಪನ್ನು ತಾನೇ ನಿಲ್ಲಿಸುವ ಡ್ರೈ ರನ್ ರಕ್ಷಣೆಯ ಪೆಟ್ಟಿಗೆ ಹಾಕಿಸಿ, ನಿಮಿಷಕ್ಕೆ ಐದು ಗ್ಯಾಲನ್ ಎತ್ತುವ ಪಂಪನ್ನು 20 ನಿಮಿಷ ಓಡಿಸಿ ಒಂದು ಗಂಟೆ ನಿಲ್ಲಿಸುವಂತೆ ಟೈಮರ್ ಇಟ್ಟೆ. ಹೀಗೆ ದಿನಕ್ಕೆ ಸುಮಾರು 1,800 ಗ್ಯಾಲನ್ ನೀರು 5,000 ಗ್ಯಾಲನ್ ಟ್ಯಾಂಕಿಗೆ ಬೀಳುತ್ತದೆ, ಮೂರು ಮನೆಗೆ ಬೇಕಾದದ್ದು ಹೆಚ್ಚೆಂದರೆ 1,100. ಬೇಸಿಗೆಗೆ ಆ ಟೈಮರನ್ನು ಬದಲಿಸುವ ಬಗೆಯೊಂದಿದೆ. ಅದನ್ನು ಕಲಿಯಲು ನನಗೆ ಒಂದು ಮೋಟಾರ್ ಬೇಕಾಯಿತು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಮಳೆಗಾಲದಲ್ಲಿ ಸೂರಿನ ನೀರನ್ನೂ ಅದೇ ಟ್ಯಾಂಕಿಗೆ ಬಿಟ್ಟು ನೋಡಿದೆ. ಧೂಳಿನ ಕೆಸರು ತುಂಬಿ ಫಿಲ್ಟರ್ ಎರಡೇ ವಾರದಲ್ಲಿ ಕಟ್ಟಿಕೊಂಡಿತು. ಈಗ ಆ ನೀರು ಕರಿಬೇವಿನ ಗಿಡಗಳಿಗಷ್ಟೇ. ಬೋರಿನ ನೀರಿನಲ್ಲಿ ಆರ್ಸೆನಿಕ್ ಮಿತಿಗಿಂತ ತುಸು ಹೆಚ್ಚು ಬಂದಿದ್ದರಿಂದ ಅಡುಗೆಮನೆಗಳಿಗೆ ಆರ್‌ಓ ಹಾಕಿಸಿದ್ದೇವೆ.

ಪಂಪಿಗಿಂತ ಕಷ್ಟವಾದದ್ದು ಒಪ್ಪಂದ. ಮನೆಗೊಂದು ಮೀಟರ್, ಬಳಸಿದಷ್ಟಕ್ಕೆ ಕರೆಂಟ್ ಬಿಲ್, ರಿಪೇರಿ ಸಮಪಾಲು, ಈಜುಕೊಳಕ್ಕೆ ಬೋರಿನ ನೀರು ಇಲ್ಲ ಎಂದು ಬರೆಸಿ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ನೋಂದಾಯಿಸಿದೆವು. ಈಜುಕೊಳದ ಮಾತಿಗೇ ನಾಲ್ಕು ತಿಂಗಳು ಹಿಡಿಯಿತು. ಆಗ ನಕ್ಕು ಹೊರಗುಳಿದಿದ್ದ ನಾಲ್ಕನೆಯ ಮನೆಯವರು ಈಗ ಸೇರುತ್ತೇವೆ ಎನ್ನುತ್ತಿದ್ದಾರೆ. ಜೂನ್ ತಿಂಗಳ ಮೀಟರ್ ನೋಡಿ ಹೇಳುತ್ತೇನೆ ಎಂದಿದ್ದೇನೆ.