ಲೀಡರ್ ಕಲ್ಲು ಮುಟ್ಟುವಂತಿಲ್ಲ

ಕರಾವಳಿಯ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಯೂತ್ ಗ್ರೂಪ್ ಸೇರುತ್ತದೆ. ಹೈಸ್ಕೂಲಿನವರಿಂದ ಹಿಡಿದು ಈಗಷ್ಟೇ ಕೆಲಸಕ್ಕೆ ಸೇರಿದವರವರೆಗೆ ಎಲ್ಲರೂ ಇರುತ್ತಾರೆ. ಬೋರ್ಡಿನ ಮೇಲೆ ‘ನಾಯಕತ್ವ’ ಅಂತ ಬರೆದರೆ ಅರ್ಧ ಜನ ಮೊಬೈಲ್ ತೆಗೆಯುತ್ತಾರೆ. ಹಾಗಾಗಿ ನಾನು ಆಟದಿಂದಲೇ ಶುರು ಮಾಡುತ್ತೇನೆ. ಆಟ ಆರಿಸುವಾಗ ನನ್ನದು ಒಂದೇ ಲೆಕ್ಕ: ಬಾಯಿ ಜೋರಿದ್ದವರೇ ಗೆಲ್ಲುವಂಥ ಆಟ ಬೇಡ. ಅವರಿಗೆ ಎಲ್ಲಿ ಹೋದರೂ ಜಾಗ ಸಿಗುತ್ತದೆ.

ನನಗೆ ಹೆಚ್ಚು ಕೈಹಿಡಿದದ್ದು ಲಗೋರಿ. ಜೊತೆಗೆ ಬೈಬಲಿನ ನೆಹೆಮೀಯನ ಪುಸ್ತಕ. ಯೆರೂಸಲೇಮಿನ ಗೋಡೆ ಕಟ್ಟುವಾಗ ಜನ ಒಂದು ಕೈಯಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕೈಯಲ್ಲಿ ಆಯುಧ ಹಿಡಿದಿದ್ದರು ಅಂತ 4ನೇ ಅಧ್ಯಾಯದಲ್ಲಿದೆ. ಲಗೋರಿಯಲ್ಲೂ ಅದೇ ತಾನೇ? ಬಿದ್ದ ಏಳು ಕಲ್ಲು ಜೋಡಿಸಬೇಕು, ಚೆಂಡಿನ ಏಟೂ ತಪ್ಪಿಸಿಕೊಳ್ಳಬೇಕು. ನಾನು ಸೇರಿಸಿದ್ದು ಒಂದೇ ರೂಲ್: ಲೀಡರ್ ಕಲ್ಲು ಮುಟ್ಟುವಂತಿಲ್ಲ. ಯಾರು ಓಡಬೇಕು, ಯಾರು ಜೋಡಿಸಬೇಕು ಅಂತ ಹೇಳಬಹುದು. ಎದುರು ಟೀಮಿನ ಕಣ್ಣು ತಪ್ಪಿಸಲು ತಾನೇ ಓಡಿ ಚೆಂಡನ್ನು ತನ್ನ ಕಡೆ ಎಳೆದುಕೊಳ್ಳಬಹುದು. ಅಷ್ಟೇ.

ಮೊದಲು ಎಲ್ಲರೂ ‘ಏಯ್, ಅದಲ್ಲ, ಆ ಚಪ್ಪಟೆ ಕಲ್ಲು!’ ಅಂತ ಕಿರುಚುತ್ತಾರೆ. ಕೈ ತಡೆದುಕೊಳ್ಳಲು ಆಗುವುದೇ ಇಲ್ಲ. ಒಮ್ಮೆ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಲೀಡರ್ ಮಾಡಿದ್ದೆವು. ಅವಳು ಮಾತಾಡುವುದೇ ಅಪರೂಪ. ಇಬ್ಬರನ್ನು ಬಲಗಡೆ ಓಡಿಸಿದಳು, ತಾನು ಎಡಗಡೆ ನಿಂತು ಸುಮ್ನೆ ಕೈ ಬೀಸಿದಳು. ಚೆಂಡು ಬಂದು ಅವಳ ಬೆನ್ನಿಗೇ ಬಿತ್ತು. ಅಷ್ಟರಲ್ಲಿ ಟೀಮಿನ ಚಿಕ್ಕ ಹುಡುಗ ಕೊನೆಯ ಕಲ್ಲು ಇಟ್ಟಾಗಿತ್ತು. ಏಟು ತಿಂದವರು ಔಟ್, ಆದರೆ ಟೀಮ್ ಗೆಲ್ಲುತ್ತದೆ ಅನ್ನುವುದು ನಮ್ಮ ಲಗೋರಿಯ ಕಾನೂನು.

ಬೆವರು ಒರೆಸಿಕೊಳ್ಳುತ್ತಾ ಕೂತಾಗ ಅದೇ ಪುಸ್ತಕದ 3ನೇ ಅಧ್ಯಾಯ ಓದಿಸುತ್ತೇನೆ. ಬರೀ ಹೆಸರುಗಳೇ ಅಂತ ಎಲ್ಲರೂ ಹಾರಿಸಿಬಿಡುವ ಅಧ್ಯಾಯ ಅದು. ಗೋಡೆ ಕಟ್ಟಿದವರಲ್ಲಿ ಅಕ್ಕಸಾಲಿಗರಿದ್ದಾರೆ, ಸುಗಂಧದ್ರವ್ಯ ಮಾಡುವವರಿದ್ದಾರೆ, ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಅಪ್ಪನಿದ್ದಾನೆ. ತೆಕೋವ ಎಂಬ ಊರಿನ ದೊಡ್ಡ ಮನುಷ್ಯರು ಮಾತ್ರ ಕೆಲಸಕ್ಕೆ ಬಗ್ಗಲಿಲ್ಲ. ಅಲ್ಲಿಗೆ ಬಂದಾಗ ‘ನಮ್ಮಲ್ಲಿ ತೆಕೋವದವರು ಯಾರಕ್ಕಾ?’ ಅಂತ ನಗು ಏಳುತ್ತದೆ. ಹೀಗೆ ಕೈ ಜೋಡಿಸಿದ್ದರಿಂದ 52 ದಿನದಲ್ಲಿ ಗೋಡೆ ಮುಗಿಯಿತು. ಆಮೇಲೆ ನಾನು ಕೇಳುವ ಮೊದಲ ಪ್ರಶ್ನೆ: ಇವತ್ತಿನ ಆಟದಲ್ಲಿ ಯಾರಿಗೆ ಕೆಲಸವೇ ಸಿಗಲಿಲ್ಲ? ಉತ್ತರ ಅವರೇ ಹುಡುಕಬೇಕು. ಹತ್ತು ನಿಮಿಷ ಸಾಕು. ಪ್ರಸಂಗ (ಉಪದೇಶ) ಶುರುವಾದರೆ ಆಟದ ರುಚಿಯೇ ಹೋಗುತ್ತದೆ.

ಮಳೆಗಾಲದಲ್ಲಿ ಒಳಗೆ ಆಡಲು ವಿಮೋಚನಕಾಂಡದ 18ನೇ ಅಧ್ಯಾಯ ಇದೆ. ಅದರಲ್ಲಿ ಮೋಶೆ ಜನರ ತಕರಾರುಗಳನ್ನೆಲ್ಲ ಒಬ್ಬನೇ ಕೇಳುತ್ತಾ ಕೂರುತ್ತಾನೆ. ನಮ್ಮ ಆಟದಲ್ಲೂ ಒಬ್ಬ ಮೋಶೆ, ಉಳಿದವರೆಲ್ಲ ಕ್ಯೂ. ಪ್ರತಿಯೊಬ್ಬರ ಚೀಟಿಯಲ್ಲೂ ಒಂದು ಚಿಕ್ಕ ತಕರಾರು: ಒಂದು ಲೆಕ್ಕ, ಹುಡುಕಬೇಕಾದ ಒಂದು ಬೈಬಲ್ ವಚನ, ಕಳೆದುಹೋದ ಚಪ್ಪಲಿ. ಐದು ನಿಮಿಷದಲ್ಲಿ ಮೋಶೆ ಸುಸ್ತು, ಕ್ಯೂ ಹಾಗೇ ಇರುತ್ತದೆ. ಎರಡನೇ ಸುತ್ತಿನಲ್ಲಿ ಮಾವ ಇತ್ರೋ ಹೇಳಿದಂತೆ ಸಹಾಯಕರನ್ನು ಆರಿಸಿಕೊಳ್ಳಬಹುದು. ಹೆಚ್ಚಿನವರು ಫ್ರೆಂಡ್ಸನ್ನೇ ಆರಿಸುತ್ತಾರೆ, ಮತ್ತೆ ಒದ್ದಾಡುತ್ತಾರೆ. ಲೆಕ್ಕಕ್ಕೆ ಯಾರು, ವಚನಕ್ಕೆ ಯಾರು ಅಂತ ಯೋಚಿಸುವುದು ಆಮೇಲೆ.

ಆದರೆ ಆಟಕ್ಕೇ ನಿಲ್ಲಿಸಿದರೆ ಅದು ಪಿಕ್‌ನಿಕ್ ಅಷ್ಟೇ. ಸಭೆಯ ನಿಜವಾದ ಕೆಲಸ ಕೈಗೆ ಕೊಡಬೇಕು. ಇದೇನೂ ಹೊಸ ಉಪಾಯ ಅಲ್ಲ. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾದ್ರಿ ಶುರು ಮಾಡಿದ ಕ್ರಿಶ್ಚಿಯನ್ ಎಂಡೆವರ್ ಸಂಘದಲ್ಲೂ ಯುವಕರೇ ಕಮಿಟಿ ಮಾಡಿಕೊಂಡು ಕೆಲಸ ಹಂಚಿಕೊಳ್ಳುತ್ತಿದ್ದರು. ನಾವು ಅಯ್ಯನವರನ್ನು (ನಮ್ಮ ಪಾದ್ರಿಯನ್ನು) ಒಪ್ಪಿಸಿ, ಸುಗ್ಗಿ ಹಬ್ಬಕ್ಕೆ ಜನ ಕಾಣಿಕೆ ತರುವ ಬೆಳೆಯ ಹರಾಜನ್ನು ಯೂತ್‌ಗೆ ಬಿಡಿಸಿಕೊಂಡೆವು. ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ ಬೇರೆ ಮಾಡುವುದು ಒಂದು ಗುಂಪು, ಕೂಗುವುದು ಇನ್ನೊಂದು, ಲೆಕ್ಕ ಬರೆಯುವುದು ಮತ್ತೊಂದು. ಹಿರಿಯರು ಬೆಂಚಿನ ತುದಿಯಲ್ಲಿ ಕೂತು ಚಡಪಡಿಸುತ್ತಾರೆ, ಎದ್ದು ಬರಲು ಮಾತ್ರ ಬಿಡುವುದಿಲ್ಲ.

ಒಂದು ಕೆಲಸ ಮಾತ್ರ ಇನ್ನೂ ಯಾರೂ ಮನಸ್ಸಿನಿಂದ ಒಪ್ಪಿಕೊಂಡಿಲ್ಲ: ಹರಾಜಿನಲ್ಲಿ ಕಡ ಹೇಳಿ ಹೋದವರ ಮನೆಗೆ ಹೋಗಿ ದುಡ್ಡು ವಸೂಲು ಮಾಡುವುದು. ಅದಕ್ಕೂ ಒಂದು ಆಟ ಹುಡುಕುತ್ತಿದ್ದೇನೆ.